ಮುಲ್ಕಿಯಾ

ನಾನೂರು ರಿಯಾಲಿಗೆ ಇಪ್ಪತ್ತು ಕಡಿಮೆ.
ಸುಡಾನಿನ ಮೇಷ್ಟ್ರು ಇದ್ರೀಸ್ ಎಣಿಸಲಿಲ್ಲ,
ಜೇಬಿಗಿಟ್ಟು ಬಾನೆಟ್ಟಿನ ಮೇಲೆ ಅಂಗೈಯೂರಿ ನಿಂತರು
ಜ್ವರ ನೋಡುವವರ ಹಾಗೆ.
"ಏರಿನಲ್ಲಿ ಎಸಿ ಆರಿಸು. ಎಡ ಹಿಂಬಾಗಿಲು
ಒಳಗಿನಿಂದ ತೆರೆಯದು. ನೀರು ಕೇಳಿದರೆ ಕೊಡು."
ಅಷ್ಟೇ ಹೇಳಿದ್ದು.

ಗಾಡಿಯ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಎನ್ನುತ್ತಾರೆ.
ಮೂಲ್ಕಿಯವನಿಗೆ ಮುಲ್ಕಿಯಾ ಸಿಕ್ಕಿತೆಂದು
ರೂಮಿನಲ್ಲಿ ನಗೆಯೋ ನಗೆ.

ಗುಲ್ ಜಮಾನನ ಗ್ಯಾರೇಜಿನಲ್ಲಿ ಬೆಲ್ಟು, ಬುಶ್ಶು,
ಸತ್ತ ಇನ್ನೊಂದು ಸನ್ನಿಯ ರೇಡಿಯೇಟರು.
"ಹೊಸದು ಯಾಕೆ? ಇದು ನಿನಗಿಂತ ಗಟ್ಟಿ."
ಪಾಸಿಂಗಿನಲ್ಲಿ ಒಮ್ಮೆ ಫೇಲು, ಟಯರಿಗೆ.

ಸೊಹಾರಿನ ಜುಲೈ. ಸ್ಟಿಯರಿಂಗು ಕಾದ ಕಾವಲಿ,
ಒದ್ದೆ ಬೈರಾಸು ಸುತ್ತಿ ಹಿಡಿಯುತ್ತೇನೆ.
ಮೂರು ವರ್ಷದಲ್ಲಿ ಕೈಕೊಟ್ಟದ್ದು ಒಂದೇ ಸಲ,
ಅದೂ ಪೆಟ್ರೋಲು ಮರೆತದ್ದು ನಾನು.

ಮೊನ್ನೆ ಸೀಟು ಕಳಚಿದಾಗ ಕಂಬಿಯ ಸಂದಿಯಲ್ಲಿ
ಸೀಮೆಸುಣ್ಣದ ತುಂಡು,
ಮಗುವಿನ ಒಂಟಿ ಕಾಲುಚೀಲ.
ಮೇಷ್ಟ್ರು ಕೊಟ್ಟಿದ್ದ ಖಾರ್ಟೂಮಿನ ನಂಬರಿಗೆ ಹಚ್ಚಿದೆ.
ರಿಂಗಾಗಲಿಲ್ಲ.
ಮರುದಿನವೂ.

ಸುಣ್ಣ ಡ್ಯಾಶ್‌ಬೋರ್ಡಿನ ಮೇಲಿದೆ.
ಕಾಲುಚೀಲವನ್ನು ಸಿಕ್ಕಲ್ಲೇ ತೂರಿಸಿ
ಸೀಟಿನ ಬೋಲ್ಟು ಬಿಗಿದೆ.
ಈ ಶುಕ್ರವಾರ ಆಯಿಲು ಬದಲಿಸಬೇಕು.