ತಿಂಗಳ ಮೊದಲ ಸೋಮವಾರ

ಪರೇಲಿನ ಈ ಆಸ್ಪತ್ರೆಯ ಎರಡನೇ ಮಾಳಿಗೆ,
ಪೆಥಾಲಜಿ ಲ್ಯಾಬಿನ ಹಿಂದಿನ ಕೋಣೆ,
ಮೂರನೇ ಕಪಾಟು, ಕೆಳಗಿನ ಗೂಡು:
ಅಲ್ಲೊಂದು ಹಳದಿ ಸೀಸೆ.

ನಿವೃತ್ತಿಯ ದಿನ ಘಾಡಿಗಾಂವ್ಕರ್ ಕಾಕಾ
ಹಾರದ ಗುಲಾಬಿ ಒಂದೊಂದೇ ಕಿತ್ತು
ನರ್ಸುಗಳಿಗೆಲ್ಲ ಹಂಚಿದರು.
ಆಮೇಲೆ ನನ್ನೊಬ್ಬಳನ್ನೇ ಕರೆದೊಯ್ದು
ಬೀಗದ ಕೈ ಕೊಟ್ಟು, ಉದ್ದನೆಯ ನೋಟ್‌ಬುಕ್ ಕೊಟ್ಟು
ಗುಟ್ಟು ಹೇಳುವವರಂತೆ
‘ತಿಲಾ ತಹಾನ್ ಲಾಗತೆ’ ಎಂದರು.
ಇವಳಿಗೆ ಬಾಯಾರುತ್ತದೆ.

ಪಿಕ್ರಿಕ್ ಆಮ್ಲ.
ನೀರಿನಡಿ ಇರುವಷ್ಟು ದಿನ ಬಲು ಸಾಧು,
ಅರಿಸಿನದ ಕೆಸರಿನಂತೆ ತಳಕ್ಕಂಟಿ ಮಲಗಿರುತ್ತದೆ.
ಒಣಗಿತೋ,
ಉಜ್ಜಿದರೆ ಸಾಕು, ಬಿದ್ದರೆ ಸಾಕು,
ಮುಚ್ಚಳದ ಸುತ್ತಿನೊಳಗೆ ಸಿಕ್ಕ ಒಂದೇ ಹರಳು
ತಿರುವಿದ ಕೈಯನ್ನು ನೀನು ಯಾರೆಂದು ಕೇಳುವುದಿಲ್ಲ.

ಎತ್ತಬೇಡ, ಅಲುಗಿಸಬೇಡ,
ಮೊದಲು ಟಾರ್ಚನ್ನು ಬದಿಯಿಂದ ಹಿಡಿದು ನೋಡು.
ಪುಡಿಯ ಮೇಲೆ ಎರಡು ಬೆರಳು ನೀರು.
ಇಳಿಯತೊಡಗಿದರೆ ತುಂಬು, ಬಟ್ಟಿ ಇಳಿಸಿದ್ದೇ ಆಗಬೇಕು.
ಲೋಹದ ಮುಚ್ಚಳ ಬೇಡ, ಲೋಹದ ಚಮಚ ಬೇಡ,
ಬಳೆ ತೆಗೆದಿಡು.
ನನ್ನವು ಗಾಜಿನವು ಕಾಕಾ, ಎಂದೆ.
ಅದು ನಿನಗೆ ಗೊತ್ತು, ಅದಕ್ಕೆ ಗೊತ್ತಾ? ಎಂದರು.

ನೀರು ಕಾಯುವುದು ನನಗೆ ಹೊಸತಲ್ಲ.
ನಾಯಗಾಂವ್‌ನ ನಮ್ಮ ಚಾಳಿನಲ್ಲಿ
ನಲ್ಲಿ ಬರುವುದು ನಾಲ್ಕೂವರೆಗೆ,
ಐದೂಕಾಲಿಗೆ ಕೆಮ್ಮಿ ನಿಂತುಬಿಡುತ್ತದೆ.
ಕೊಡದ ಕಂಠಕ್ಕೆ ಏರುವ ಸದ್ದನ್ನು
ನಿದ್ದೆಗಣ್ಣಲ್ಲೂ ಅಳೆಯಬಲ್ಲೆ.

ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ವರ್ಷದ ಸೋಮವಾರಗಳು.
ಎಲ್ಲದರ ಮುಂದೆ ಎರಡೇ ಪದ: ‘ಪಾಣೀ ಆಹೇ.’
ಒಂದು ಜುಲೈಯಲ್ಲಿ ಊರಿಗೆ ಊರೇ ಮುಳುಗಿತ್ತಂತೆ,
ಲೋಕಲ್ಲು ನಿಂತು, ಹಿಂದ್‌ಮಾತಾದಲ್ಲಿ ಎದೆಮಟ್ಟ.
ದಾದರಿನಿಂದ ನಡೆದು ಬಂದು
ತೊಯ್ದ ಕೈಯಲ್ಲೇ ಬರೆದಿದ್ದಾರೆ
(ಶಾಯಿ ಇನ್ನೂ ಹಿಂಜಿಕೊಂಡಿದೆ):
ನೀರಿದೆ.

ಹೋದ ಗುರುವಾರ ಟೈಲ್ಸಿನವರು
ಹಳೆಯ ಮರದ ಬೀರುವನ್ನು ಗೋಡೆಯಿಂದ ಸರಿಸಿದರು.
ಹಿಂದೆ ಒಂದು ಕಿಂಡಿ. ಕಿಂಡಿಯಲ್ಲಿ
ಇನ್ನೊಂದು ಸೀಸೆ.
ಯಾವ ರಿಜಿಸ್ಟರಿನಲ್ಲೂ ಇಲ್ಲದ್ದು.
ಇಸವಿಯನ್ನು ಬೆಳ್ಳಿಮೀನು ಹುಳ ತಿಂದಿತ್ತು.
ಮುಚ್ಚಳದ ಕುತ್ತಿಗೆ ಸುತ್ತ ಹಳದಿ ಹರಳು,
ಸಕ್ಕರೆಗಟ್ಟಿದ ಜೇನುಬಾಟಲಿಯ ಹಾಗೆ.

ಹೊಸ ಟೆಕ್ನಿಶಿಯನ್ ಸಾಕಿಬ್, ಇಪ್ಪತ್ತೆರಡರ ಹುಡುಗ,
‘ಮ್ಯಾಡಮ್, ಇದು ಖಾಲಿ’ ಎನ್ನುತ್ತ
ಮುಚ್ಚಳದತ್ತ ಕೈ ಚಾಚಿದ.

ಮುಟ್ಟಬೇಡ!
ಕೂಗಿದ್ದು ಕನ್ನಡದಲ್ಲಿ.
ಅವನಿಗೆ ಕನ್ನಡ ಬಾರದು.
ಕೈ ನಿಂತಿತು.

ಆಮೇಲಿನದು ಬರಿಯ ಕೆಲಸ.
ಬಾಗಿಲನ್ನು ಮಗು ಮಲಗಿದ ಮನೆಯಂತೆ ಎಳೆದುಕೊಂಡೆ,
ಮೇಲಿನ ವಾರ್ಡು ಕೆಳಗಿನ ವಾರ್ಡು ಖಾಲಿ,
ಸಲೈನ್ ಬಾಟಲಿ ಎತ್ತಿ ಹಿಡಿದ ನೆಂಟರು
ಪಾರ್ಕಿಂಗಿನಲ್ಲಿ ಸಾಲಾಗಿ ನಿಂತರು.
ಮೂರೂವರೆಗೆ ಖಾಕಿ ಜನ ಬಂದರು.
ದಪ್ಪ ಅಂಗಿಯವನೊಬ್ಬ ಮೆಟ್ಟಿಲಿಳಿದ,
ಒಂದೊಂದು ಮೆಟ್ಟಿಲಿಗೂ ಮನಸ್ಸಿನಲ್ಲೇ ಎಣಿಕೆ ಹಾಕುತ್ತ.
ಎಲ್ಲಿಗೆ ಒಯ್ದರೆಂದು ಹೇಳಲಿಲ್ಲ.
ಗೇಟಿನ ಚಹಾದವನು ಮಾತ್ರ
ನಾಳೆ ಅಂಗಡಿ ತೆರೆಯಲಾ ಎಂದು ಕೇಳಿದ.

ರಾತ್ರಿ ದೇವಗಡಕ್ಕೆ ಫೋನು ಮಾಡಿದೆ.
ಇನ್ನೊಂದು ಇತ್ತು ಕಾಕಾ, ಎಂದೆ.
ಬಹಳ ಹೊತ್ತು ಆ ಕಡೆ ಫ್ಯಾನಿನ ಸದ್ದಷ್ಟೇ.
‘ಆ ಬೀರುವಿಗೇ ಒರಗಿ ಡಬ್ಬಿ ಉಣ್ಣುತ್ತಿದ್ದೆ’ ಎಂದರು,
ಮತ್ತೆ ಸ್ವಲ್ಪ ತಡೆದು,
‘ನಮ್ಮವಳಿಗೆ ನೀರು ನೋಡಿದೆಯಾ?’
ಇವತ್ತು ಗುರುವಾರ.
‘ಆದರೂ.’

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಟಾರ್ಚು. ಎರಡು ಬೆರಳು.
ಸಾಕಿಬನನ್ನೂ ಮಂಡಿಯೂರಿಸಿ ತೋರಿಸಿದೆ.
ನೋಟ್‌ಬುಕ್ಕಿನಲ್ಲಿ ‘ನೀರಿದೆ’ ಎಂದು ಕನ್ನಡದಲ್ಲೇ ಬರೆದು
ಅವನ ಸಹಿ ಹಾಕಿಸಿದೆ.
ಇದರಲ್ಲಿ ನೀರು ಯಾವುದು ಮ್ಯಾಡಮ್, ಎಂದ.
ಬೆರಳಿಟ್ಟು ತೋರಿಸಿದೆ.