ಅಡ್ಡಡ್ಡ

ನಾಲ್ಕು ವರ್ಷ ಏರಿತು, ಏರಿದ್ದೇ ಏರಿದ್ದು.
ಕುತಾಯಿಸಿಯ ನಮ್ಮ ಹಿತ್ತಿಲ ಗೋಡೆ ದಾಟಿ,
ತಗಡಿನ ಸೂರು ದಾಟಿ
ತುತ್ತತುದಿಯಲ್ಲಿ ಎರಡು ಹೂ,
ನನಗಲ್ಲ, ಕಾಗೆಗಳಿಗೆ,
ಮೂರನೇ ಮಹಡಿಯ ಎತೆರಿಗೆ.
"ನಾತೆಲಾ, ನಿನ್ನ ಗುಲಾಬಿ ಬಲು ಚೆಂದ!"
ಅಂತ ಮೇಲಿಂದ ಕೂಗುತ್ತಾಳೆ.
ನನಗೆ ಕಾಣುವುದು ಅದರ ಬರಿಗಾಲು, ಮುಳ್ಳು ಮುಳ್ಳು.

ಕೋಳಿಗೊಬ್ಬರ ಹಾಕಿದೆ.
ಬಂದದ್ದು ಎಲೆ, ಬಚ್ಚಲ ಕಿಟಕಿ ಮುಚ್ಚುವಷ್ಟು.
ಸಿಟ್ಟಿಗೆ ಮಾರ್ಚಿನಲ್ಲಿ ಮೊಣಕಾಲೆತ್ತರಕ್ಕೆ ಸವರಿ ಹಾಕಿದೆ.
ಆ ವರ್ಷ ಆ ಎರಡೂ ಇಲ್ಲ.
ಎತೆರಿ ಒಂದು ವಾರ ಮಾತು ಬಿಟ್ಟಳು.

ಮತ್ತೆ ಅದು ಸೂರು ಮುಟ್ಟಿದ ಚಳಿಗಾಲದ ಕೊನೆಗೆ
ದ್ರಾಕ್ಷಿ ಚಪ್ಪರ ಕತ್ತರಿಸಲು ವಾರ್ಲಾಮ್ ಬಂದ.
ಗುಲಾಬಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ:
"ಈ ಬಳ್ಳಿಯನ್ನೂ ಹೀಗೆ ನೆಟ್ಟಗೆ ಬಿಟ್ಟಿದ್ದರೆ
ಇಷ್ಟು ವರ್ಷ ನೀನು ಕುಡಿಯುತ್ತಿದ್ದದ್ದು ನೀರು.
ನಿಂತ ಕೊಂಬೆಗೆ ತುದಿಯದ್ದೇ ಚಿಂತೆ,
ರಸವೆಲ್ಲ ಅಲ್ಲಿಗೇ ಓಡುತ್ತದೆ.
ಮಲಗಿಸು."

ಮಲಗಿಸಲು ಹೋದೆ, ಒಂದು ಲಟಕ್ಕೆಂದಿತು.
ಗಿಡವಾಗಿ ಬಗ್ಗದ್ದು, ಅಂತ ಶುರುಮಾಡಿದೆ.
"ಬಗ್ಗುತ್ತದೆ," ಅಂದ ಬಾಯಲ್ಲಿ ಮೊಳೆ ಕಚ್ಚಿಕೊಂಡು,
"ಇವತ್ತೊಂದು ಗೇಣು, ಭಾನುವಾರ ಇನ್ನೊಂದು.
ಅವಸರ ನಿನ್ನದು, ಅದರದ್ದಲ್ಲ."

ಗೋಡೆಗೆ ಐದು ಸಾಲು ತಂತಿ ಬಿಗಿದ.
ಕಟ್ಟಲು ಹುರಿ ಇರಲಿಲ್ಲ.
ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು,
ಮಂಚದ ಕೆಳಗಿನ ಪೆಟ್ಟಿಗೆ ತೆರೆದೆ:
ಮೈಬಣ್ಣದ ನೈಲಾನು, ಹೊಸದು, ಕಾಗದ ಸುತ್ತಿದ್ದು.
ಎಳೆದರೆ ಹಿಗ್ಗುತ್ತದೆ, ಕೊಂಬೆಯ ಕೊರಳು ಕೊಯ್ಯುವುದಿಲ್ಲ.
ಭಾನುವಾರಕ್ಕೊಂದು ಗೇಣಿನಂತೆ
ಏಪ್ರಿಲ್‌ಗೆ ಎಲ್ಲವೂ ಅಡ್ಡಡ್ಡ,
ಆಸ್ಪತ್ರೆಯ ವಾರ್ಡಿನ ಹಾಗೆ.

ಆಮೇಲೆ ಗೆಣ್ಣುಗೆಣ್ಣಿಗೂ ಒಂದು ಕಣ್ಣು ಬಿಟ್ಟಿತು.
ಒಂದೊಂದು ಕಣ್ಣಿಗೂ ಗೇಣುದ್ದದ ಟಿಸಿಲು,
ಟಿಸಿಲಿಗೆ ಮೂರು, ನಾಲ್ಕು, ಏಳು ಮೊಗ್ಗು.
ಎಣಿಸುತ್ತ ಹಾಲುಕ್ಕಿಸಿಕೊಂಡೆ.
ಮೇ ಒಂಬತ್ತರ ಬೆಳಗ್ಗೆ ಬಾಗಿಲು ತೆರೆದರೆ
ನನ್ನ ಮೂಗಿನ ಮಟ್ಟಕ್ಕೆ, ಮೊಣಕೈ ಮಟ್ಟಕ್ಕೆ,
ಬೆಕ್ಕಿನ ಮಟ್ಟಕ್ಕೂ ಕೆಂಪು.

ಮೇಲಿಂದ ಈಗ ಸೂರಷ್ಟೇ ಕಾಣುತ್ತದೆ.
ಎತೆರಿ ಕೂಗಲಿಲ್ಲ. ಇಳಿದು ಬಂದಳು,
ಕಂಬಿ ಹಿಡಿದು, ಒಂದೊಂದು ಮೆಟ್ಟಿಲನ್ನೂ ಬೈಯುತ್ತ,
ಎರಡು ವರ್ಷದಲ್ಲಿ ಮೊದಲ ಸಲ.
ಹೂವಿಗೆ ಮುಖ ಕೊಟ್ಟು ನಿಂತಳು ತುಂಬ ಹೊತ್ತು.
ಕಾಫಿಗೆ ನೀರಿಟ್ಟು ಬಂದೆ.

ಅವಳ ಬೆರಳು ಗಂಟಿನ ಮೇಲಿತ್ತು.
ಎಳೆದು ನೋಡಿದಳು, ಬಿಟ್ಟಳು, ಮತ್ತೆ ಎಳೆದಳು.
"ಇದು ಎಂಬತ್ತೆಂಟರ ಮಾಲು," ಅಂದಳು.
"ನನ್ನ ಮದುವೆಗೆ ಒಂದೇ ಒಂದು ಜೊತೆ ಕೇಳಿದ್ದೆ.
ಮುಗಿದುಹೋಯಿತು ಅಂದಿದ್ದೆ ನೀನು."