ಗಾಳಿಯ ಪಾಲು, ನೀರಿನ ಪಾಲು

ಗೋಡೆ ಓದುವುದು ನನ್ನ ಕಸುಬು.
ಚಂಡಮಾರುತ ಹೋದ ಹತ್ತನೇ ದಿನ
ಒಹಾಯೋದಿಂದ ಏಣಿ ಹೇರಿಕೊಂಡು ಬರುತ್ತೇನೆ,
ವಿಮಾ ಕಂಪನಿಯ ಟೋಪಿ, ಅಳತೆಪಟ್ಟಿ, ಬಿಸ್ಕತ್ತು.

ಲೂಸಿಯಾನಾದ ಈ ತುದಿಯಲ್ಲಿ
ರಸ್ತೆ ಮುಗಿದ ಮೇಲೂ ನಾಲ್ಕು ಮನೆಗಳಿದ್ದವಂತೆ.
ಈಗ ಒಂದೂವರೆ.
ಒಂದು, ಎಲ್ಮೀರ್ ಬುದ್ವಾ ಅವರದು.
ಅರ್ಧ ಯಾರದೆಂದು ನನ್ನ ಪಟ್ಟಿಯಲ್ಲಿಲ್ಲ.

ಒಳಗೆ, ಗೋಡೆಯುದ್ದಕ್ಕೂ ಕಂದು ಗೆರೆ,
ನನ್ನ ಎದೆಮಟ್ಟಕ್ಕೆ.
ಗೆರೆಯ ಕೆಳಗಿನದು ನೀರಿನ ಪಾಲು,
ಮೇಲಿನದು ಗಾಳಿಯದು.
ನಮ್ಮ ಪಾಲಿಸಿ ಗಾಳಿಯ ಕಡೆಯದು.
ನೀರಿಗೆ ಬೇರೆ ಕಾಗದ, ಬೇರೆ ಕಂತು, ಬೇರೆ ಕಚೇರಿ.

"ಆ ಕಾಗದ?" ಎಂದೆ.
"ಸಾಲ ತೀರಿದ ವರ್ಷ ಬ್ಯಾಂಕು ಕೇಳುವುದು ಬಿಟ್ಟಿತು,
ನಾನು ಕಟ್ಟುವುದು ಬಿಟ್ಟೆ.
ಆ ದುಡ್ಡಲ್ಲಿ ಸೀಗಡಿ ದೋಣಿಗೆ ಎಂಜಿನ್ ಬಂತು."
ದೋಣಿ ಎಲ್ಲಿ ಎಂದು ಕೇಳಬೇಕಿರಲಿಲ್ಲ.
ಹಿತ್ತಲ ಬೇಲಿಯ ಮೇಲೆ ಬೋರಲು ಬಿದ್ದಿತ್ತು.

ಕಪಾಟು: ನೀರು.
ಹಾಸಿಗೆ, ಹೊಲಿಗೆ ಯಂತ್ರ, ನೆಲದ ಹಲಗೆ: ನೀರು.
ಬರೆಯುತ್ತ ಹೋದೆ. ಆಕೆ ಬೆನ್ನ ಹಿಂದೆಯೇ,
ತಪ್ಪು ಉತ್ತರ ಬರೆಯುವ ಹುಡುಗನ ಹಿಂದೆ
ಸುಮ್ಮನೆ ನಿಂತ ಟೀಚರಂತೆ.

ಕೊನೆಗೆ ತೋಳು ಹಿಡಿದು ಹೊರಗೆ ಎಳೆದೊಯ್ದರು.
ಓಕ್ ಮರದ ನೆತ್ತಿಯಲ್ಲಿ, ಇಪ್ಪತ್ತಡಿ ಮೇಲೆ,
ಅಡುಗೆಮನೆಯ ಪರದೆ. ನಿಂಬೆಹಣ್ಣಿನ ಚಿತ್ತಾರ.
"ನೀರು ಮರ ಹತ್ತುತ್ತದೇನಪ್ಪ?
ಮೊದಲು ಕಿಟಕಿ ಒಡೆದದ್ದು ಗಾಳಿ.
ನೀರು ಆಮೇಲೆ ಬಂತು,
ತೆರೆದ ಬಾಗಿಲಿಗೆ ನೆಂಟರು ಬರುವ ಹಾಗೆ."

ಫೋಟೋ ತೆಗೆದೆ. ಮೂರು.
ಛಾವಣಿಗೆ, ಕಿಟಕಿಗಳಿಗೆ, ಸೂರಿನಿಂದ ಸುರಿದ ಮಳೆಗೆ
ಹದಿನೈದು ಸಾವಿರದ ಐನೂರು ಡಾಲರ್ ಎಂದು ಬರೆದೆ.
ಕೈ ತುಸು ಧಾರಾಳವಾಗಿತ್ತು, ಒಪ್ಪುತ್ತೇನೆ.

ಆಮೇಲೆ ಕಳೆಯುವ ಲೆಕ್ಕ.
ಬರಿಯ ಗಾಳಿಯಾಗಿದ್ದರೆ ಮೊದಲ ಒಂದು ಸಾವಿರ ನಿಮ್ಮದು.
ಹೆಸರಿಟ್ಟ ಗಾಳಿಯಾದರೆ ನೂರಕ್ಕೆ ಐದು,
ಹೋದದ್ದರ ಮೇಲಲ್ಲ,
ಮನೆಗೆ ಮಾಡಿಸಿದ ಇಡೀ ವಿಮೆಯ ಮೇಲೆ:
ಎರಡು ಲಕ್ಷ ನಲವತ್ತು ಸಾವಿರಕ್ಕೆ
ಹನ್ನೆರಡು ಸಾವಿರ.
ಕೈಗೆ ಬರುವುದು ಮೂರೂವರೆ.

"ಹೆಸರಿಟ್ಟವರು ಯಾರು?"
"ಹವಾಮಾನದವರು. ಪಟ್ಟಿ ಮೊದಲೇ ಇರುತ್ತದೆ."
"ತೊಟ್ಟಿಲಿಲ್ಲ, ಪಾದ್ರಿಯಿಲ್ಲ," ಆಕೆ ನಕ್ಕರು.
"ನಾಮಕರಣ ಅದಕ್ಕೆ. ನಾಮ ನನಗೆ."

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ.
ಇಲ್ಲಿ ಗಾಳಿಯೇ ತೂರಿತ್ತು, ಹಂಚು ಹಲಗೆ ಎಲ್ಲ,
ಜೊಳ್ಳು ಯಾವುದು ಕಾಳು ಯಾವುದು
ಎಂದು ಆರಿಸಲು ನಾನು ಬಂದಿದ್ದೆ.

ಹೊರಡುವಾಗ ಏಣಿ ಬಿಚ್ಚಿದೆ.
"ಪರದೆ ಇಳಿಸಿಕೊಡಲೇ?"
"ಬೇಡ," ಎಂದರು, ಮರದಿಂದ ಕಣ್ಣು ತೆಗೆಯದೆ.
"ಮೇಲರ್ಜಿ ಹಾಕುತ್ತೇನೆ.
ಮುಂದಿನವನು ಬಂದಾಗ ತೋರಿಸಬೇಕು."